ಬಾಲದಡಿಯ ಬರಹ

ಹಣೆಬರಹ ಓದುವವರು ಊರೂರಲ್ಲಿದ್ದಾರೆ.
ಇಸೊಕೊ ಓದಿದ್ದು ಬಾಲದಡಿಯ ಬರಹ.
ನಗೋಯಾದ ಮರಿಕೇಂದ್ರದಲ್ಲಿ, ಇನ್ನೂರು ವ್ಯಾಟಿನ ಬಲ್ಬಿನಡಿ,
ಒಂದೇ ದಿನದ ಕೋಳಿಮರಿಯನ್ನು ಎಡಗೈಯಲ್ಲಿ ಮಗುಚಿ
ಹೆಬ್ಬೆರಳಿಂದ ಒತ್ತಿದರೆ
ಎಳ್ಳಿಗಿಂತ ಚಿಕ್ಕದೊಂದು ಉಬ್ಬು.
ಇದ್ದರೆ ಗಂಡು, ಬಲಗಡೆಯ ಡಬ್ಬಿಗೆ.
ಇಲ್ಲದಿದ್ದರೆ ಹೆಣ್ಣು, ಎಡಕ್ಕೆ.
ಗಂಟೆಗೆ ಸಾವಿರ. ಮೂವತ್ತೊಂದು ವರ್ಷ.
ಬಲಗಡೆಯ ಡಬ್ಬಿ ಎಲ್ಲಿಗೆ ಹೋಗುತ್ತದೆಂದು
ಮೊದಲ ವಾರ ಕೇಳಿದ್ದಳು. ಆಮೇಲೆ ಕೇಳಲಿಲ್ಲ.

ಕಲಿಸಿದ ಮೇಷ್ಟ್ರು ಹೇಳಿದ್ದರು:
ಕೋಳಿಯಲ್ಲಿ ತೀರ್ಮಾನ ತಾಯಿಯದು.
ಹುಂಜನಿಗೆ ಝಡ್ ಝಡ್, ಎರಡೂ ಒಂದೇ ಅಚ್ಚು;
ಹೇಂಟೆಗೆ ಝಡ್ ಒಂದು, ಡಬ್ಲ್ಯೂ ಒಂದು,
ಯಾವುದನ್ನು ಮೊಟ್ಟೆಗೆ ಬುತ್ತಿ ಕಟ್ಟುತ್ತಾಳೋ ಅದು.
ಮನುಷ್ಯರಲ್ಲಿ ಮಾತ್ರ ತಿರುಗುಮುರುಗು, ಅಪ್ಪನ ಕೈಬರಹ.

ಮೂರನೆಯದೂ ಹೆಣ್ಣಾದಾಗ ಅತ್ತೆ ಊರಿಂದ ಬರೆದರು:
"ನಿನ್ನ ಹೊಟ್ಟೆಗೆ ಬರುವುದು ಒಂದೇ ಅಕ್ಷರವೇ?"
ಉತ್ತರ ಗೊತ್ತಿತ್ತು. ಅಂಚೆಚೀಟಿಯೂ ಇತ್ತು.
ಬರೆಯಲಿಲ್ಲ.

ಈಗ ಅಮಾಮಿ ದ್ವೀಪ. ವಯಸ್ಸು ಎಪ್ಪತ್ತೆಂಟು.
ರಾತ್ರಿ ಕಾಡುರಸ್ತೆಯಲ್ಲಿ ಪುಟ್ಟ ಟ್ರಕ್ಕನ್ನು ಆಮೆಯಂತೆ ಓಡಿಸುತ್ತಾ
ಚಕ್ರಕ್ಕೆ ಸಿಕ್ಕ ಜೀವಗಳ ಲೆಕ್ಕ ಬರೆಯುತ್ತಾಳೆ.
ಜೊತೆಗೆ ಸಪ್ಪೊರೊದಿಂದ ಬಂದ ಸಂಶೋಧಕ ಹುಡುಗ, ತೊಮೊನರಿ.

ಪಾಳಿ ಮುಗಿದು, ಕಪ್ಪುಬೆಲ್ಲದ ಶೋಚುವಿಗೆ ಬಿಸಿನೀರು ಬೆರೆಸಿ,
ಅವನು ಊಟದ ಕಡ್ಡಿಗಳನ್ನು ಕತ್ತರಿ ಹಾಕಿಟ್ಟ: ಇದು ಎಕ್ಸ್.
"ಹಾಬು ಹಾವು ನಿಮ್ಮ ಕೋಳಿಯ ಹಾಗೆ, ಬರೆಯುವವಳು ತಾಯಿ.
ಅದನ್ನು ಹಿಡಿಯಲೆಂದು ತಂದು ಬಿಟ್ಟಿದ್ದರಲ್ಲ ಮುಂಗುಸಿ,
ಅದರ ಗಂಡಿಗೆ ಎಣಿಕೆಯಲ್ಲಿ ಒಂದು ಕಡಿಮೆ.
ವೈ ಇದೆ, ಆದರೆ ಇನ್ನೊಂದರ ಬೆನ್ನೇರಿ ಬಿಟ್ಟಿ ಸವಾರಿ."

"ನಮ್ಮ ಮುಳ್ಳಿಲಿಗೆ?"

ಹುಡುಗ ಕಡ್ಡಿಯ ತುದಿ ಮುರಿದು, ಆ ಚೂರನ್ನು
ಕಿಟಕಿಯಾಚೆ ಎಸೆದ.
"ವೈ ಕಳೆದೇಹೋಗಿದೆ.
ಗಂಡಿಗೂ ಒಂದೇ ಎಕ್ಸ್, ಹೆಣ್ಣಿಗೂ ಒಂದೇ ಎಕ್ಸ್."

ಅವಳ ಹೆಬ್ಬೆರಳು ತಾನಾಗಿ ಮೇಜನ್ನು ಒತ್ತಿತು.
"ಮತ್ತೆ ಗಂಡು ಗಂಡಾಗುವುದು ಹೇಗೆ?"

"ಬೇರೆಲ್ಲೋ ಪುಟದಲ್ಲಿ ಒಂದು ಸಾಲು
ಎರಡು ಸಲ ಅಚ್ಚಾಗಿದೆ, ಅಷ್ಟೆ.
ಮೆಲ್ಲ ಮೆಲ್ಲ, ಬೇಗ ಬೇಗ ಅನ್ನುವುದಿಲ್ಲವೇ,
ಒಂದೇ ಮಾತು, ಎರಡು ಸಲ ಬಂದರೆ ತೂಕ ಬೇರೆ."

ಅವಳು ಎದ್ದು
ಅತ್ತೆಯ ಫೋಟೋದ ಮುಂದೆ ಊದುಕಡ್ಡಿ ಹಚ್ಚಿದಳು.
ಐವತ್ತು ವರ್ಷದ ಕಾಗದಕ್ಕೆ ಉತ್ತರ ತಡವಾಯಿತು, ಅತ್ತೆಮ್ಮ.
ಆ ಅಕ್ಷರ ನಿಮ್ಮ ಮಗನ ಜೇಬಲ್ಲಿತ್ತು.
ಇಲ್ಲಿನ ಇಲಿಗಳು ಅದನ್ನೇ ಕಳಕೊಂಡು
ಸುಖವಾಗಿ ಸಂಸಾರ ಮಾಡಿಕೊಂಡಿವೆಯಂತೆ.

ಮಾರನೆಯ ರಾತ್ರಿ ತಿರುವಿನಲ್ಲಿ ಒಂದು ಮುಳ್ಳಿಲಿ,
ಇನ್ನೂ ಬಿಸಿ ಆರಿರಲಿಲ್ಲ.
ಅಂಗೈಯಲ್ಲಿ ಮಗುಚಿ, ದೀಪಕ್ಕೆ ಹಿಡಿದು ನೋಡಿದಳು.
ಗಂಡು, ಎಂದು ಪುಸ್ತಕದಲ್ಲಿ ಬರೆದಳು.
ಬಲಗೈ ಒಂದು ಗಳಿಗೆ ಗಾಳಿಯಲ್ಲಿ ತಡವರಿಸಿತು.
ಆಮೇಲೆ ಅದನ್ನು ಮಡಿಲಲ್ಲೇ ಇಟ್ಟುಕೊಂಡು
ಟ್ರಕ್ಕು ಓಡಿಸಿದಳು.
ಬಟ್ಟೆಯ ಮೂಲಕ ಮುಳ್ಳು ಸಣ್ಣಗೆ ಚುಚ್ಚುತ್ತಿತ್ತು.