ಕಾರಣದ ಖಾನೆ

ಇಂಗ್ಲಿಷರು ಬರೆಯುತ್ತಿದ್ದದ್ದು ಮರ್ಕೆರಾ ಅಂತ.
ಶೆಡ್ಡಿನ ಮೂಲೆಯ ಹಳೇ ಗೋಣಿಯ ಅಚ್ಚು ತೋರಿಸಿ
ಅಕ್ಷರಕ್ಕೆ ಅಕ್ಷರ ಕೂಡಿಸಿ ಓದಿದಳು ತಂಗಮಣಿ, ಮೂರು ಸಲ.
ನಮ್ಮ ಬಾಯಿಗೆ ಮಡಿಕೇರಿ.
ಕುಶಾಲನಗರದಿಂದ ಮೂವತ್ತು ಕಿಲೋಮೀಟರು.

ಎಲ್ಲೆಲ್ಲಿಂದಲೋ ಬರುತ್ತಾರೆ ಜನ ಅದನ್ನು ನೋಡಲು
ಟೋಪಿ ಹಾಕಿಕೊಂಡು, ಕಾರಿನ ನೆತ್ತಿಗೆ ಪೆಟ್ಟಿಗೆ ಬಿಗಿದುಕೊಂಡು.
ಕ್ಯೂರಿಂಗ್ ವರ್ಕ್ಸಿನ ಗೇಟಿಗೆ ನಿಲ್ಲಿಸಿ ದಾರಿ ಕೇಳುತ್ತಾರೆ.
ನೇರ ಹೋಗಿ, ಅನ್ನುತ್ತೇವೆ. ಆನೆಕಾಡು, ಸುಂಟಿಕೊಪ್ಪ, ಆಮೇಲೆ ಏರು.
ಏರಿದ ಮೇಲೆ ಏನೇನಿದೆ ಅಂತ
ಒಬ್ಬರೂ ಕೇಳಿಲ್ಲ, ಪುಣ್ಯ.

ನಾವು ಹೋಗಿಲ್ಲ ಅಂತಲ್ಲ.
ರುಕಿಯಾ ದೊಡ್ಡಾಸ್ಪತ್ರೆಗೆ, ಎರಡನೇ ಹೆರಿಗೆಗೆ.
ಅದೇ ಆಸ್ಪತ್ರೆಗೆ ತಂಗಮಣಿ, ಬೇರೆ ಕಾರಣಕ್ಕೆ.
ನಾನು ಕೋಟೆಯೊಳಗಿದ್ದ ಕಚೇರಿಗೆ
ಮಗನ ಜಾತಿ ಸರ್ಟಿಫಿಕೇಟು ಹಿಡಿದು, ನಾಲ್ಕು ಸಲ.
ಎರಡು ಗಾರೆಯ ಆನೆ ನಿಂತಿವೆಯಂತೆ ಅಲ್ಲಿ,
ನಿಜದ ಆನೆಯಷ್ಟೇ ಎತ್ತರ, ಸೊಂಡಿಲು ಸಮೇತ.
ನಾಲ್ಕು ಸಲವೂ ಅವುಗಳನ್ನು ದಾಟಿಯೇ ಹೋಗಿರಬೇಕು.
ನನಗೆ ನೆನಪಿರುವುದು
ಸರದಿಯಲ್ಲಿ ಮುಂದೆ ನಿಂತವನ ಅಂಗಿಯ ಬೆನ್ನು,
ಕಾಲರಿನ ಕೆಳಗೆ ಬೇರೆ ಬಣ್ಣದ ದಾರದ ಹೊಲಿಗೆ.

ಭಾನುವಾರ ಬೇಡ, ಕಾರಿನವರ ನೂಕುನುಗ್ಗಲು.
ಸೋಮವಾರ ಮ್ಯೂಸಿಯಮ್ಮಿಗೆ ಬೀಗ.
ಮಂಗಳವಾರ ಸಂತೆ.
ಬುಧವಾರ ಅಂತಾಯಿತು, ರಜೆ ಸಿಕ್ಕರೆ.

ಬುತ್ತಿ ಮುಗಿಸಿ, ಮೊರದಲ್ಲಿ ಬೀಜ ಹರಡಿದ ಹಾಗೆ
ಊರನ್ನು ಹರಡಿಕೊಂಡು ಕೂತೆವು.
ಕೋಟೆ, ಇರಲಿ.
ಕೋಟೆಯೊಳಗೆ ದೊರೆಗಳ ಇಗರ್ಜಿ, ಈಗ ಅದೇ ಮ್ಯೂಸಿಯಮ್ಮು,
ಪ್ರಾರ್ಥನೆ ಹೋಗಿ ಹಳೇ ಕೋವಿ ಬಂದಿದೆ. ಇರಲಿ.
ಗದ್ದಿಗೆ? ಸತ್ತ ರಾಜರನ್ನು ನೋಡಿ ಏನು ಮಾಡೋಣ ಅಂದೆ.
ಗುಮ್ಮಟ ನಮ್ಮ ದರ್ಗಾದ ಹಾಗೇ ಇದೆ, ಅಂದಳು ರುಕಿಯಾ,
ಉಳಿಸಿಕೊಂಡೆವು.
ಅಬ್ಬಿಯ ನೀರು ಬೀಳೋದು ನೋಡಲು ಆಟೋಗೆ ಅಷ್ಟು ದುಡ್ಡೇ?
ಕಪ್ಪುಬೀಜ. ಪಕ್ಕಕ್ಕೆ.
ರಾಜಾಸೀಟಿನಲ್ಲಿ ಸೂರ್ಯ ಮುಳುಗುವುದು ಆರೂಮುಕ್ಕಾಲಿಗೆ,
ನಮ್ಮ ಬಸ್ಸು ಆರೂವರೆಗೆ.
ಅರ್ಧ ಮುಳುಗಿದ್ದೂ ಸಿಗದು ಅಂತ ಲೆಕ್ಕ ಹಾಕಿ
ಕೆಂಪಾಗುವುದನ್ನಾದರೂ ನೋಡಿ ಓಡೋಣ ಅಂದುಕೊಂಡೆವು.

ಖರ್ಚು ಬರೆದೆ ಬೀಡಿಕಟ್ಟಿನ ಕಾಗದದ ಹಿಂದೆ:
ಬಸ್ಸಿಗೆ ಸೊನ್ನೆ, ಆಧಾರ್ ಕಾರ್ಡು ಮರೆಯಬಾರದು.
ಊಟ ಮನೆಯದೇ, ಕಾಫಿ ಮಾತ್ರ ಹೋಟೆಲಿನದು,
ಕೂತು ಕುಡಿಯುವುದು. ಯಾರೋ ತಂದುಕೊಡಬೇಕು.

ಆಗ ತಂಗಮಣಿ, ಮೊರದಿಂದ ಕಣ್ಣೆತ್ತದೆ:
‘ಆಸ್ಪತ್ರೆ ಕಡೆಯಿಂದ ಬೇಡ. ಸುತ್ತಿಕೊಂಡು ಹೋಗೋಣ.’
ಒಡಕು ಬೀಜ ಒಂದನ್ನು ಆರಿಸಿ
ಎಲ್ಲಿ ಹಾಕಬೇಕೆಂದು ತಿಳಿಯದ ಹಾಗೆ ಹಿಡಿದಿದ್ದಳು.
ಕಾಗದದಲ್ಲಿ ಹತ್ತು ನಿಮಿಷ ಕೂಡಿಸಿದೆ.

ರಜೆ ಚೀಟಿಯಲ್ಲಿ ಒಂದು ಖಾನೆ: ಕಾರಣ.
ಅಲ್ಲಿ ಜ್ವರ ಬರೆದಿದ್ದೇನೆ, ಕೋರ್ಟು ಬರೆದಿದ್ದೇನೆ,
ಇರುವ ಒಬ್ಬ ನಾದಿನಿಯನ್ನು ಎರಡು ಸಲ ಸಾಯಿಸಿದ್ದೇನೆ.
ಈ ಸಲ ಮೂವರ ಪರವಾಗಿ, ದಪ್ಪಕ್ಷರದಲ್ಲಿ:
ಮಡಿಕೇರಿ ನೋಡಲು.

ಗುಮಾಸ್ತ ಪೂವಯ್ಯ ಕನ್ನಡಕ ಹಣೆಗೇರಿಸಿದ.
‘ಮಡಿಕೇರೀಲಿ ಯಾರನ್ನ?’
ಯಾರನ್ನೂ ಅಲ್ಲ. ಮಡಿಕೇರೀನ.
‘ಅಲ್ಲಿ ಏನು ಕೆಲಸ?’
ಏನೂ ಇಲ್ಲ, ಅಂದೆ.
ಹೇಳಿದ ಮೇಲೆ ಆ ಮಾತು ಬಾಯಲ್ಲೇ ಸ್ವಲ್ಪ ಹೊತ್ತು ಉಳಿಯಿತು,
ಬೆಲ್ಲದ ಚೂರಿನ ಹಾಗೆ.
‘ಜ್ವರ ಅಂತ ಬರೀರಮ್ಮ, ಬೇಗ ಪಾಸಾಗುತ್ತೆ’ ಅಂದ
ಚೀಟಿಯನ್ನು ಪೇಪರ್‌ವೆಯ್ಟಿನ ಅಡಿಗೆ ತಳ್ಳಿ.
ಇನ್ನೂ ಅಲ್ಲೇ ಇದೆ.

ರುಕಿಯಾ ಆಗಲೇ ಸಂತೆಯಲ್ಲಿ ಟೋಪಿ ಕೊಂಡಿದ್ದಾಳೆ,
ಬುತ್ತಿಚೀಲದಲ್ಲಿ ಮಡಚಿಟ್ಟಿದ್ದಾಳೆ, ಬೆಲೆಚೀಟಿ ಸಹಿತ.
ಒಂದೇ ಟೋಪಿ. ಸರದಿಯ ಮೇಲೆ ಹಾಕಿಕೊಳ್ಳುವುದಂತೆ:
ಆನೆಗಳ ಮುಂದೆ ನಾನು,
ಗದ್ದಿಗೆಯಲ್ಲಿ ಅವಳು,
ಸುತ್ತುದಾರಿಯ ಆ ಹತ್ತು ನಿಮಿಷ
ತಂಗಮಣಿ.