ಹಿತ್ತಾಳೆಯ ಹಿಂಬದಿ

ಪಟ್ಟಿ ಬಂದಾಗ ರಾತ್ರಿ ಹನ್ನೊಂದೂವರೆ.
ರೇಡಿಯೋದವರಿಗಿಂತ ಮೊದಲು ನನಗೆ ಬರುತ್ತದೆ, ಯಾವತ್ತೂ,
ಹೆಸರು ಕೆತ್ತುವವಳಿಗೆ ಕಾಗುಣಿತ ತಪ್ಪಬಾರದಲ್ಲ.
ಎಲ್ ಆಲ್ಟೋದ ಈ ತಗಡಿನ ಅಂಗಡಿಯಲ್ಲಿ
ಏಳು ಅಧ್ಯಕ್ಷರನ್ನು ಕಂಡವಳು ನಾನು, ಹಸಿಂತಾ.
ಕೆಳಗೆ ಲಾ ಪಾಸಿನಲ್ಲಿ ಮಂತ್ರಿಗಳ ಬಾಗಿಲಿಗೆಲ್ಲ
ನನ್ನದೇ ಹಿತ್ತಾಳೆ ಫಲಕ.

ಭಾಷಣ ನಾನು ಕೇಳುವುದಿಲ್ಲ.
ಚೌಕದಲ್ಲಿ ಪಟಾಕಿ ಹಾರಿದ್ದು ಕೇಳಿಸಿತು, ಅಷ್ಟೆ.
ಸರಕಾರ ಯಾವ ಮಗ್ಗುಲಿಗೆ ಹೊರಳುತ್ತಿದೆ ಎಂದು ತಿಳಿಯಲು
ನನಗೆ ಅಳತೆ ಸಾಕು: ಯಾರ ಫಲಕ ಎಷ್ಟಗಲ,
ಯಾರದಕ್ಕೆ ನಾಲ್ಕು ಸ್ಕ್ರೂ, ಯಾರದಕ್ಕೆ ಎರಡು.

ಹೋದ ಸಲ ಮೊದಲ ಸಾಲಿನಲ್ಲೇ ಗಣಿ ಖಾತೆ.
ಅರವತ್ತು ಸೆಂಟಿಮೀಟರು, ಸುತ್ತ ಬಳ್ಳಿಯ ಅಂಚು.
ಬಾಲ್ಡಿವಿಯೆಸೊ ಸಾಹೇಬರು ಖುದ್ದು ಬಂದು
ತಮ್ಮ ಹೆಸರನ್ನು ಬೆರಳಲ್ಲಿ ಸವರಿ ನೋಡಿ
‘ಇನ್ನೂ ಸ್ವಲ್ಪ ಆಳ’ ಅಂದಿದ್ದರು.
ಆಳದ ಮೇಲೆ ಅವರಿಗೆ ಬಲು ಪ್ರೀತಿ.
ಇಳಿಯುತ್ತಿದ್ದವರು ಬೇರೆಯವರು.

ಈ ಸಲ ಗಣಿ ಹನ್ನೊಂದನೆಯದು.
ಮೊದಲ ಸಾಲಿನಲ್ಲಿ
(ಕನ್ನಡಕ ಒರೆಸಿಕೊಂಡು ಮತ್ತೆ ಓದಿದೆ)
ನೀರು.

ಇಷ್ಟು ದಿನ ನೀರಿಗೆ ಇದ್ದದ್ದು
ಮೆಟ್ಟಿಲ ಕೆಳಗಿನ ಒಂದು ಮೇಜು.
ಅದರ ಮೇಲೆ ರಟ್ಟು, ರಟ್ಟಿನ ಮೇಲೆ ಯಾರೋ ಪೆನ್ನಲ್ಲಿ ಗೀಚಿದ್ದು.

ಮಂತ್ರಿಯ ಹೆಸರು ಪೌಲಿನಾ ಚುಕಿಮಿಯಾ.
ನಮ್ಮ ಬಡಾವಣೆ ಸಮಿತಿಯಲ್ಲಿ
ಟ್ಯಾಂಕರಿನ ಲೆಕ್ಕ ಬರೆಯುತ್ತಿದ್ದವಳು.
ಒಮ್ಮೆ ಸರತಿಯಲ್ಲಿ ನನ್ನ ಬಕೆಟ್ಟನ್ನು ಕಾಲಿಂದ ಹಿಂದಕ್ಕೆ ಸರಿಸಿ
‘ನಿಮ್ಮದು ಮೊನ್ನೆ ಆಯ್ತಲ್ಲಮ್ಮ’ ಅಂದಿದ್ದಳು,
ಎಲ್ಲರೆದುರು.
ಮೂರು ದಿನ ಬೈದುಕೊಂಡೆ.
ಲೆಕ್ಕ ಮಾತ್ರ ಅವಳದೇ ಸರಿಯಿತ್ತು.

ಪಟ್ಟಿಯ ಕೆಳಗೆ ಎರಡು ಸೂಚನೆ.
ಒಂದು: ಹೊಸ ಲೋಹ ಕೊಳ್ಳತಕ್ಕದ್ದಲ್ಲ,
ಹಳೆಯ ಫಲಕಗಳನ್ನೇ ಮಗುಚಿ ಹಿಂಬದಿಗೆ ಕೆತ್ತುವುದು.
ಎರಡು: ಸ್ಪ್ಯಾನಿಷಿನ ಕೆಳಗೆ ಐಮಾರಾ.
‘ಆಗ್ವಾ’ದ ನಾಲ್ಕಕ್ಷರದಡಿಗೆ ‘ಉಮ’ದ ಮೂರು.
ನನ್ನಜ್ಜಿ ಸಂತೆಯಲ್ಲಿ ಪಿಸುಗುಟ್ಟುತ್ತಿದ್ದ ಮಾತಿಗೆ
ಅಕ್ಷರಕ್ಕಿಷ್ಟು ಎಂದು ಸರಕಾರದ ಕೂಲಿ!
ಉಳಿ ಹಿಡಿದ ಕೈ ಸ್ವಲ್ಪ ಹೊತ್ತು ಸುಮ್ಮನಿತ್ತು.

‘ಅಂದ್ರೆ ಎಲ್ಲ ಬದಲಾಯ್ತು ಅನ್ನು’ ಎಂದ
ಕೆಲಸದ ಹುಡುಗ ರುಫೀನೊ.
ಅವನಿಗೆ ಖಜಾನೆಯ ಸಾಲು ತೋರಿಸಿದೆ.
ಹೆನಾರೊ ಉರಿಯೊಸ್ತೆ. ಮೂರನೆಯ ಸರಕಾರ, ಅದೇ ಹೆಸರು.
ಅದನ್ನು ಮಗುಚುವ ಕೆಲಸವಿಲ್ಲ,
ನಿಂಬೆ, ಉಪ್ಪು ಹಾಕಿ ತಿಕ್ಕಿದರಾಯಿತು.
ಮನೆಗೆ ಹೊಸ ಯಜಮಾನಿ ಬಂದಿದ್ದಾಳೆ,
ಬೀಗದ ಕೈ ಹಳೆಯ ಸೊಂಟದಲ್ಲೇ ಇದೆ.

ಅಳತೆಗೆ ಸರಿಹೋದದ್ದು ಗಣಿಯದೇ ಫಲಕ.
ಬಾಲ್ಡಿವಿಯೆಸೊ ಸಾಹೇಬರನ್ನು ಬೋರಲು ಮಲಗಿಸಿ
ಅವರ ಬೆನ್ನ ಮೇಲೆ ನೀರನ್ನು ಕೆತ್ತಿದೆ.
ಆಳವಾಗಿ ಕೆತ್ತಿದ್ದಕ್ಕೆ ಹೆಸರು ಈ ಕಡೆಗೂ ಉಬ್ಬಿದೆ,
ಕಣ್ಣಿಗೆ ಕಾಣದು, ಬೆರಳಿಗೆ ಹತ್ತುತ್ತದೆ.
ಪೌಲಿನಾಗೆ ಹೇಳಬೇಕು ಇದನ್ನು.
ಇಲ್ಲ, ಅವಳೇ ಸವರಿ ನೋಡಲಿ.

ಬೆಳಗಾದರೆ ರುಫೀನೊ ಇವನ್ನೆಲ್ಲ ಕಂಬಳಿಯಲ್ಲಿ ಸುತ್ತಿ
ಕೇಬಲ್ ಕಾರಿನಲ್ಲಿ ಕೆಳಗಿಳಿಸುತ್ತಾನೆ,
ಮಡಿಲಲ್ಲಿ ಮಗುವಿನ ಹಾಗೆ ಇಟ್ಟುಕೊಂಡು.
ನೀರಿನ ಕಚೇರಿಗೆ ಫೋನು ಮಾಡಿ ಕೇಳಿದೆ, ಯಾವ ಬಾಗಿಲಿಗೆ ಹೊಡೆಯಬೇಕು?
‘ಬಾಗಿಲು ಇನ್ನೂ ಬಂದಿಲ್ಲ’ ಅಂದರು.

ಮೂರು ಗಂಟೆ. ನಲ್ಲಿ ಬರುವ ಹೊತ್ತು.
ಒಣ ಗಂಟಲಲ್ಲಿ ಎರಡು ಸಲ ಕೆಮ್ಮಿತು,
ಗಾಳಿ ಬಿಟ್ಟಿತು, ಸುಮ್ಮನಾಯಿತು.
ಕೈಯ ಹಿತ್ತಾಳೆ ಪುಡಿ ಲಂಗಕ್ಕೆ ಒರೆಸಿಕೊಂಡು
ಬಕೆಟ್ಟನ್ನು ಅದರ ಬಾಯಿಗೇ ಇಟ್ಟು ಬಂದೆ.