ಅರ್ಧ ರೇಟು

ತೋರಣಗಲ್ಲಿನ ಧೂಳು ಕೆಂಪು.
ಬಿದ್ದೂ ಬಿದ್ದೂ ಡಿಶ್ಶು ಒಂದು ಕುಂಕುಮದ ತಟ್ಟೆ.
ವಾರಕ್ಕೊಮ್ಮೆ ಒರೆಸದಿದ್ದರೆ
ಮೇಲಿರೋದು ಮನೆಗೆ ಇಳಿಯಲ್ಲ ಅಂತ
ಗಿರಾಕಿಗಳಿಗೆ ಹೇಳ್ತೀನಿ.
ಅಷ್ಟೇನೂ ನಿಜವಲ್ಲ.
ಒರೆಸಿದರೆ ಐವತ್ತು ರೂಪಾಯಿ.

ನಾನು ಹೊನ್ನೂರವಲಿ.
ಕುರೆಕುಪ್ಪ, ವಡ್ಡು, ಫ್ಯಾಕ್ಟರಿ ಕ್ವಾರ್ಟರ್ಸು,
ಯಾರ ಮನೇಲಿ ಯಾವ ಪ್ಯಾಕು
ರೇಷನ್ ಅಂಗಡಿಯವನಿಗಿಂತ ಚೆನ್ನಾಗಿ ಗೊತ್ತು.

ಮೊನ್ನೆ ಗೆಸ್ಟ್‌ಹೌಸಿಂದ ಕರೆ.
ಹೊಸ ಕುಲುಮೆ ಕೂರಿಸೋಕೆ ಬಂದ ಮೂವರು,
ಮೂವರಿಗೂ ಫುಟ್‌ಬಾಲ್ ಬೇಕಂತೆ.
ಕಾರ್ಡು ಜೀವ ಹಿಡಿಯೋವರೆಗೆ ಮಾತಿಗೆ ಕೂತ್ವಿ.
ನನ್ನ ಇಂಗ್ಲಿಷು ಕುಂಟು, ಅವರದ್ದೂ ಒಂಚೂರು ಕುಂಟು,
ಸ್ಟೋರಿನ ಜಡೆಪ್ಪ ನಡುವೆ ಊರುಗೋಲು.

ಜರ್ಮನಿಯವ ಹೇಳಿದ:
ಮನೆ ಇದ್ದರೆ ಸಾಕು, ಟೀವಿ ಇರಲಿ ಬಿಡಲಿ, ಕಟ್ಟಬೇಕು.
ಕಂದಾಯ ಅನ್ನಪ್ಪಾ, ಅಂದೆ.
ಜಪಾನಿನವ ಚಹಾ ಕೆಳಗಿಟ್ಟು ನಕ್ಕ:
ವಸೂಲಿಯವ ಬೆಲ್ಲು ಒತ್ತಿದರೆ ಅವರಜ್ಜಿ
ಚಪ್ಪಲಿ ಒಳಗೆಳಕೊಂಡು
ಉಸಿರು ಬಿಗಿಹಿಡಿದು ಕೂರುತ್ತಿದ್ದಳಂತೆ.
ಆ ಬಾಗಿಲು ನನಗೆ ಗೊತ್ತು.
ವಡ್ಡುವಿನಲ್ಲಿ ಅಂಥವು ಆರು.

ಇಂಗ್ಲೆಂಡಿನವ ಲೈಸೆನ್ಸು ಅಂದ ಕೂಡಲೆ
ತಾತನ ಟ್ರಂಕು ತೆರೆದಂಗಾಯ್ತು:
ರೇಡಿಯೋದ ಪುಟ್ಟ ಪುಸ್ತಕ, ವರ್ಷಕ್ಕೊಂದು ಅಂಚೆ ಮುದ್ರೆ,
ಪೋಸ್ಟಾಫೀಸಿನ ಸಾಲಲ್ಲಿ ತಾತನ ಬಿಳಿ ಟೊಪ್ಪಿಗೆ.
ನಮ್ಮಲ್ಲೂ ಇತ್ತು ಸ್ವಾಮಿ, ನಿಂತುಹೋಯ್ತು.
ಈಗ ಯಾರು ಕೊಡ್ತಾರೆ? ಅಂತ ಕೇಳಿದ.
ಸೋಪಿನ ಕಂಪನಿಯವರು, ಅಂದುಬಿಟ್ಟೆ.
ಸೋಪಿಗೆ ಕೊಡೋನು ನಾನೇ ಅಂತ ಹೊಳೆದದ್ದು
ಆಮೇಲೆ, ಗೇಟಿನ ಲಾರಿ ಸಾಲಿನ ಹಿಂದೆ.

ಅವನು ಇನ್ನೊಂದು ಹೇಳಿದ್ದ:
ಅಲ್ಲಿ ಕಣ್ಣಿಲ್ಲದವರಿಗೆ ಅರ್ಧ ರೇಟು.

ನನ್ನ ಪಟ್ಟಿಯಲ್ಲಿ ಸುಂಕಮ್ಮ ಇದ್ದಾಳೆ.
ಕಣ್ಣು ಹೋಗಿ ಹನ್ನೆರಡು ವರ್ಷ,
ಹೋಟೆಲಿಗೆ ಶೇಂಗಾ ಸುಲಿದು ಕೊಡ್ತಾಳೆ,
ಹಾಡು, ಧಾರಾವಾಹಿ, ನ್ಯೂಸು ಸೇರಿ
ತಿಂಗಳಿಗೆ ಇನ್ನೂರೆಪ್ಪತ್ತು.
ಕಂಪ್ಯೂಟರಲ್ಲಿ ಅರ್ಧ ಅನ್ನೋ ಗುಂಡಿ ಇಲ್ಲ.
ಕೈಯಿಂದ ಹಾಕೋಣ ಅಂತ ಹೊರಟೆ,
ಅವತ್ತು ಮನಸ್ಸು ಸ್ವಲ್ಪ ದೊಡ್ಡದಾಗಿತ್ತು.

ಅಮ್ಮಾ, ಪುಕ್ಕಟೆ ಡಿಶ್ಶು ಹಾಕಿ ಕೊಡ್ಲಾ?
ಬ್ಯಾಡ, ಅದ್ರಾಗ ನನ್ನ ಧಾರಾವಾಹಿ ಬರಂಗಿಲ್ಲ.
ಹಂಗಾದ್ರೆ ಅರ್ಧ ಕೊಡು, ದೂರದ ದೇಶದಾಗ ಹಂಗೇ ಅಂತೆ.

ಶೇಂಗಾ ಚಿಟಿಕೆ ನಿಂತಿತು.

ಅರ್ಧ ಯಾಕಲೇ?
ಕಣ್ಣಿದ್ದೋರು ಕೈಯಾಗ ಫೋನು ಹಿಡಕಂಡು
ಅರ್ಧಂಬರ್ಧ ನೋಡ್ತಾರ, ಹೋಗಿ ಅವರಿಗೆ ಕೊಡು.
ನಾನು ಪೂರ್ತಿ ಕೇಳ್ತೀನಿ.
ಬಾಗ್ಲು ಕಿರ್ ಅಂದ್ರ ಯಾರ ಮನಿದು ಅಂತ ಹೇಳ್ತೀನಿ.
ಸಣ್ಣ ಸೊಸಿ ಪಾತ್ರಕ್ಕ ಬ್ಯಾರೆ ಹುಡುಗಿ ಬಂದಾಳ,
ಮಾತಾಡೋಕಿಂತ ಮೊದ್ಲೇ ಗೊತ್ತಾತು,
ಬಳಿ ಸಪ್ಪಳ ಬ್ಯಾರೆ.
ನಿನ್ನ ಪಟ್ಟಿಯಾಗಿರೋರ್ನ ಕೇಳಿ ಬಾ,
ಒಬ್ಬರಿಗಾರ ಗೊತ್ತೈತೇನು?

ಮಡಿಲ ಸಿಪ್ಪೆ ಕೊಡವಿ
ನೋಟುಗಳನ್ನು ಒಂದೊಂದೇ ಅಂಚು ಸವರಿ ಎಣಿಸಿದಳು.
ಇನ್ನೂರೆಪ್ಪತ್ತು.
ಪುಸ್ತಕದಲ್ಲಿ ಬರೆದುಕೊಂಡೆ.

ಮತ್ತ, ಒರೆಸೋದು ಇವತ್ತಿನಿಂದ ಬ್ಯಾಡ.
ಧೂಳು ಕುಂತ್ರ ಏನೂ ಆಗಂಗಿಲ್ಲ,
ಎರಡು ವಾರ ನೀನು ಬರಲಿಲ್ಲಲ್ಲ, ಆವಾಗ್ಲೇ ನೋಡೀನಿ.

ಗೋಡೆಗೆ ಒರಗಿಸಿದ್ದ ಏಣಿಯನ್ನು
ಸದ್ದಾಗದಂತೆ ತೆಗೆದೆ.
ಅದೂ ಅವಳಿಗೆ ಕೇಳಿಸಿತು.